ಹಗ್ಗ ಕಟ್ಟುವ ಮರ್ಯಾದೆ

ನನ್ನ ಗಂಡನ ದೋಣಿಯಲ್ಲಿ ಒಂದು ಪದ್ಧತಿ ಇತ್ತು. ಮೊದಲ ಸಲ ದೋಣಿ ಹತ್ತಿದ ಅತಿಥಿ, ವಾಪಸು ಬಂದಾಗ ಎಲ್ಲರಿಗಿಂತ ಮುಂಚೆ ಇಳಿದು ಜೆಟ್ಟಿಯ ಕಂಬಕ್ಕೆ ಹಗ್ಗ ಕಟ್ಟಬೇಕು. ಅದು ಇವರ ಲೆಕ್ಕದಲ್ಲಿ ಮರ್ಯಾದೆ. ಬೇರೆಯವರು ಮನೆಗೆ ಬಂದವರಿಗೆ ಒಳ್ಳೆಯ ಕುರ್ಚಿ ಕೊಡುತ್ತಾರೆ, ಇವರು ಒದ್ದೆ ಹಗ್ಗ ಕೊಡುತ್ತಿದ್ದರು. ಹಗ್ಗ ಹಿಡಿದವರು ಫೋಟೋಗೆ ನಿಲ್ಲಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು, "ಈಗ ನೀವು ನಮ್ಮ ದೋಣಿಯವರಾದ್ರಿ" ಎಂದು ಇವರು ಸಾರಬೇಕು. ಅಷ್ಟು ನಾಟಕ ಮುಗಿಯುವವರೆಗೂ ನಾನು ಹಿಂದಿನ ಸೀಟಿನಲ್ಲಿ ಖಾಲಿ ಡಬ್ಬಿಗಳ ಚೀಲ ತಬ್ಬಿಕೊಂಡು ಕೂತಿರಬೇಕು.

"ಗಂಟು ಹಾಕೋಕೆ ಬಾರದವರ ಕೈಗೆ ಯಾಕ್ರೀ ಕೊಡ್ತೀರಿ?" ಎಂದು ನಾನು ಕೇಳಿದಾಗಲೆಲ್ಲ ಒಂದೇ ಉತ್ತರ. "ನಿನಗೆ ಸತ್ಕಾರ ಅಂದ್ರೇನು ಅಂತ ಗೊತ್ತಿಲ್ಲ."

ಇವರು ಡ್ರೈವಿಂಗ್ ಸ್ಕೂಲ್ ನಡೆಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮಗೆಂದೇ ಹಾಕಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಇಡೀ ದಿನ "ಕಣ್ಣು ಮುಂದೆ! ಕಣ್ಣು ಮುಂದೆ!" ಎಂದು ಕೂಗುವುದು ಇವರ ಕಸುಬು. ಒಮ್ಮೊಮ್ಮೆ ನಿದ್ದೆಯಲ್ಲೂ ಕೂಗಿ ನನ್ನ ಎದೆ ಧಸಕ್ಕೆನ್ನುವಂತೆ ಮಾಡುತ್ತಾರೆ. ಉಳಿತಾಯದ ದುಡ್ಡಿನಲ್ಲಿ ಸೋರುವ ಛಾವಣಿ ಸರಿಮಾಡಿಸೋಣ ಎಂದು ನಾನು ಬಾಯಿ ಬಡಿದುಕೊಳ್ಳುತ್ತಿರುವಾಗಲೇ ಒಂದು ಹಳೆಯ ಮೋಟಾರು ದೋಣಿ ಕೊಂಡು ತಂದರು. ಅಂದಿನಿಂದ ಬೀದಿಯವರೆಲ್ಲ ಇವರನ್ನು ಕ್ಯಾಪ್ಟನ್ ಎಂದು ಕರೆಯತೊಡಗಿದರು. ಅದು ತಮಾಷೆಗೆ ಎನ್ನುವುದು ಇವರಿಗೆ ಇವತ್ತಿಗೂ ಹೊಳೆದಿಲ್ಲ.

ವಿಮೆ ಇಲ್ಲದ ದೋಣಿಯನ್ನು ಕಟ್ಟಲು ಜೆಟ್ಟಿ ಆಫೀಸಿನವರು ಬಿಡುವುದಿಲ್ಲ. ಹಾಗಾಗಿ ನಮ್ಮ ಕಾರಿಗೂ ಸ್ಕೂಟರಿಗೂ ವಿಮೆ ಮಾಡಿಸಿದ ಏಜೆಂಟೇ ದೋಣಿಗೂ ಮಾಡಿಸಿದ. ದೋಣಿಗೆ ಏನಾದರೂ ಆದರೆ ಇಷ್ಟು, ದೋಣಿಯಲ್ಲಿ ಕೂತ ಅತಿಥಿಗಳಿಗೆ ಏನಾದರೂ ಆದರೆ ಇಷ್ಟು. ಪಾಲಿಸಿ ಕೈಗೆ ಬಂದ ದಿನ ಇವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟರು. ಒಂದು ಸಾಲಾದರೂ ಓದಿದರೆ ಕೇಳಿ. ನಾನೂ ಓದಲಿಲ್ಲ, ಅದು ಬೇರೆ ಮಾತು.

ಊರೆಲ್ಲ ದೋಣಿ ಹತ್ತಿ ಇಳಿಯಿತು. ಹತ್ತದೆ ಉಳಿದವನು ನನ್ನ ತಮ್ಮನೊಬ್ಬನೇ. ಅವನಿಗೆ ಈಜು ಬರುವುದಿಲ್ಲ, ನೀರು ಕಂಡರೆ ಆಗುವುದಿಲ್ಲ. ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಎರಡು ಕುರ್ಚಿಯ ಸಲೂನು ಇಟ್ಟುಕೊಂಡು, ಕತ್ತರಿ ಹಿಡಿದು ತನ್ನ ಪಾಡಿಗೆ ತಾನಿರುವ ಮನುಷ್ಯ. ನಮ್ಮ ಮದುವೆಯಾದಾಗಿನಿಂದ ಇವರ ತಲೆಗೂದಲಿಗೆ ಅವನನ್ನು ಬಿಟ್ಟು ಬೇರೆಯವರು ಕೈ ಹಾಕಿದ್ದಿಲ್ಲ. ಕುರ್ಚಿಯಲ್ಲಿ ಕೂತಾಗಲೆಲ್ಲ ಇವರು ಅದನ್ನೇ ಹಾಡುತ್ತಿದ್ದರು. "ಊರೋರೆಲ್ಲ ಬಂದಾಯ್ತು, ಬಾಮೈದನಿಗೆ ಮಾತ್ರ ಪುರುಸೊತ್ತಿಲ್ಲ." ಕೊನೆಗೆ ಅವನು, ಇಲ್ಲ ಎನ್ನಲು ಬಾಯಿ ಬರದೆ, ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದ. ಹೋಗಿ ಬರುವಷ್ಟು ಹೊತ್ತೂ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, "ಚೆನ್ನಾಗಿದೆ ಭಾವ, ಬಹಳ ಚೆನ್ನಾಗಿದೆ" ಎನ್ನುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

ವಾಪಸು ಬಂದಾಗ ನದಿ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಅಲುಗಾಡದೆ ಇತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಇದರದ್ದೇ ರಾಮಾಯಣ. ತಮ್ಮ ಹಗ್ಗ ಹಿಡಿದು ಜೆಟ್ಟಿಗೆ ಕಾಲಿಟ್ಟ. ಭಾವನಿಗೆ ಬೇಸರವಾಗಬಾರದೆಂದು ನಗುತ್ತ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿದ. ಅಷ್ಟರಲ್ಲಿ ಜೆಟ್ಟಿಯ ಆ ತುದಿಯಿಂದ ಯಾರೋ "ಗುರುಗಳೇ!" ಎಂದು ಕೂಗಿದರು. ಇವರ ಹತ್ತಿರ ಡ್ರೈವಿಂಗ್ ಕಲಿತು ಈಗ ಬಸ್ಸು ಓಡಿಸುತ್ತಿರುವವನು. ಇವರು ಪೂರ್ತಿ ಆ ಕಡೆ ತಿರುಗಿ ಒಂದು ಕೈ ಎತ್ತಿ ಬೀಸಿದರು. ಇನ್ನೊಂದು ಕೈ ಗೇರಿನ ಹಿಡಿಯ ಮೇಲಿತ್ತು. ಆ ಕೈ ಹಿಂದಕ್ಕೆ ಬಂತು, ದೋಣಿ ಹಿಂದಕ್ಕೆ ಜಗ್ಗಿತು, ಹಗ್ಗ ಬಿಗಿಯಿತು. ಹಗ್ಗಕ್ಕೂ ಕಂಬಕ್ಕೂ ನಡುವೆ ತಮ್ಮನ ಬಲಗೈಯ ಎರಡು ಬೆರಳು ಸಿಕ್ಕಿಕೊಂಡಿದ್ದವು. ತೋರುಬೆರಳು, ನಡುಬೆರಳು.

ಅವನು ಕೂಗಿಕೊಳ್ಳಲೂ ಇಲ್ಲ. "ಅಕ್ಕಾ" ಎಂದ, ಅಷ್ಟೆ. ಚಿಕ್ಕವನಿದ್ದಾಗ ಮರದಿಂದ ಬಿದ್ದಾಗಲೂ ಹೀಗೆಯೇ ಕರೆದಿದ್ದ.

ಆಸ್ಪತ್ರೆಯಲ್ಲಿ ಇನ್ನೊಂದು ನಾಟಕ ಶುರುವಾಯಿತು. ಇವರು ಸಿಕ್ಕಸಿಕ್ಕವರ ಮುಂದೆಲ್ಲ "ಎಲ್ಲಾ ನಂದೇ ತಪ್ಪು" ಎಂದು ಕಣ್ಣೀರು ಹಾಕಿದರು. ಡಾಕ್ಟರ ಮುಂದೆ, ನರ್ಸಿನ ಮುಂದೆ, ಲಿಫ್ಟು ನಡೆಸುವವನ ಮುಂದೆ. ನನ್ನ ತಮ್ಮ ಮಂಚದ ಮೇಲಿಂದ, ಬ್ಯಾಂಡೇಜು ಸುತ್ತಿದ ಕೈ ಎತ್ತಿ, "ಛೆ ಛೆ, ಏನು ಮಾತು ಅಂತ ಆಡ್ತೀರಿ ಭಾವ. ನನಗೇ ಹಗ್ಗ ಹಿಡಿಯೋಕೆ ಬರಲ್ಲ. ತಪ್ಪು ನಂದು" ಎಂದ. "ಇಲ್ಲ ಇಲ್ಲ, ನಂದು." "ನೀವು ಸುಮ್ನಿರಿ ಭಾವ, ನಂದು." ಮದುವೆ ಮನೆಯಲ್ಲಿ ಮೊದಲು ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ ಎನ್ನುವ ಹಾಗೆ. ಏನಾಯಿತು ಎನ್ನುವ ಮಾತು ಇಬ್ಬರ ಬಾಯಿಂದಲೂ ಹೊರಡಲಿಲ್ಲ.

ಈ ದಾಕ್ಷಿಣ್ಯದ ರೋಗ ನನಗೆ ಹೊಸದಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಣ್ಣು ಪರೀಕ್ಷೆಗೆ ಬಂದವರ ಮುಂದೆ ಒಂದಾದ ಮೇಲೆ ಒಂದು ಗಾಜು ಹಿಡಿದು, ಇದು ಚೆನ್ನಾಗಿ ಕಾಣುತ್ತದೋ ಅದೋ ಎಂದು ಕೇಳುತ್ತೇವೆ. ಅರ್ಧ ಜನ ನಮಗೆ ಬೇಸರವಾಗಬಾರದೆಂದು "ಎರಡೂ ಚೆನ್ನಾಗಿದೆ" ಎನ್ನುತ್ತಾರೆ. ಆಮೇಲೆ ವಾರ ಕಳೆದು, ತಲೆನೋವು ಎಂದು ಬರುತ್ತಾರೆ. ಸ್ವಂತ ಕಣ್ಣಿನ ವಿಷಯದಲ್ಲೇ ಹೀಗಾದರೆ ಭಾವನ ವಿಷಯದಲ್ಲಿ ಕೇಳಬೇಕೆ?

ಮೂಳೆ ಕೂಡಿಸಿದ ಡಾಕ್ಟರು ಇನ್ನೊಂದು ಆಪರೇಷನ್ ಆಗಲೇಬೇಕು ಎಂದರು. ಬೆರಳು ಮಡಚುವ ನರ ತುಂಡಾಗಿದೆ, ಅದನ್ನು ಜೋಡಿಸುವವರು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಇದ್ದಾರೆ, ತಡಮಾಡಿದರೆ ಬೆರಳು ಸೆಟೆದುಕೊಂಡು ಹಾಗೇ ನಿಂತುಬಿಡುತ್ತದೆ. ಖರ್ಚು ಕೇಳಿ ತಮ್ಮನ ಹೆಂಡತಿ ಗೋಡೆಗೆ ಒರಗಿದಳು. ನಮ್ಮ ಹತ್ತಿರ ಇದ್ದದ್ದೆಲ್ಲ ದೋಣಿಯಾಗಿ ನೀರಿನ ಮೇಲೆ ತೇಲುತ್ತಿತ್ತು. ಮಾರೋಣವೆಂದರೆ ಅಪಘಾತವಾದ ದೋಣಿಯನ್ನು ಕೇಳುವವರಿಲ್ಲ.

"ಅದಕ್ಕೇ ತಾನೆ ವಿಮೆ ಇರೋದು?" ಎಂದು ನಾನು ಏಜೆಂಟನನ್ನು ಕರೆಸಿದೆ.

ಏಜೆಂಟ್ ಮೆತ್ತಗೆ ಮಾತಾಡುವ ಮನುಷ್ಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದೇ ಪ್ರಶ್ನೆ ಕೇಳಿದ. "ಟಿಕೆಟ್ಟು ಗಿಕೆಟ್ಟು ಅಂತ ಏನೂ ತಗೊಂಡಿಲ್ಲ ತಾನೆ? ಡೀಸೆಲ್ಲಿಗೆ ಅಂತ?"

"ಮನೆಯವರ ಹತ್ರ ದುಡ್ಡಾ!" ಇವರಿಗೆ ರೋಷ ಬಂತು.

"ಒಳ್ಳೇದು ಸರ್. ಬಾಡಿಗೆಗೆ ಓಡಿಸಿದ್ದೀರಿ ಅಂತಾದ್ರೆ ಪಾಲಿಸಿನೇ ನಿಲ್ಲಲ್ಲ. ಇನ್ನೊಂದು. ತಪ್ಪು ನಂದು ಅಂತ ಯಾರ ಹತ್ರಾನಾದ್ರೂ ಹೇಳಿದ್ದೀರಾ?"

"ಯಾರ ಹತ್ರ ಹೇಳಿಲ್ಲ ಅಂತ ಕೇಳಿ" ಎಂದೆ ನಾನು.

ಏಜೆಂಟ್ ತಲೆಯ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ ಸರ್, ಹಾಗೆ ಹೇಳೋ ಹಾಗಿಲ್ಲ! ಪಾಲಿಸಿಲೇ ಇದೆ. ಕಂಪನಿ ಒಪ್ಪಿಗೆ ಇಲ್ದೆ ನೀವಾಗಿ ತಪ್ಪು ಒಪ್ಕೊಳ್ಳೋ ಹಾಗಿಲ್ಲ. ನಿಮ್ಮ ಕಡೆಯಿಂದ ಲೋಪ ಆಗಿದ್ರೆ ಮಾತ್ರ ಕಂಪನಿ ಕೊಡುತ್ತೆ. ಲೋಪ ಹೌದೋ ಅಲ್ವೋ ಅಂತ ನೋಡೋದು ಅವರು."

"ಅಂದ್ರೆ ತಪ್ಪು ಇರಲೇಬೇಕು, ಆದ್ರೆ ಹೇಳಬಾರದು?"

"ಅಕ್ಕ ಬೇಗ ಅರ್ಥ ಮಾಡ್ಕೊಂಡ್ರು" ಎಂದ ಅವನು, ತೀರಾ ಸಂತೋಷದಿಂದ. "ಕೇಸು ಮುಗಿಯೋವರೆಗೂ ಗಾಯ ಆದವರ ಹತ್ರ ಸರ್ ಏನೂ ಮಾತಾಡದೆ ಇರೋದೇ ಕ್ಷೇಮ. ಮತ್ತೆ, ಅವರ ಕಡೆಯಿಂದ ಪರಿಹಾರ ಬೇಕು ಅಂತ ಒಂದು ಪತ್ರ ಬರಬೇಕು."

ನಾನು ಹೇಳಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಈ ಮನುಷ್ಯ ಏಜೆಂಟನ ಮಾತನ್ನು ವೇದವಾಕ್ಯ ಮಾಡಿಕೊಂಡರು. ಬಾಯಿಗೆ ಬೀಗ ಬಿತ್ತು. ಆಸ್ಪತ್ರೆಗೆ ಹೋಗುವುದು ನಿಂತಿತು. ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಇವರು ಆ ರಸ್ತೆಗೆ ಕಾಲಿಡಲಿಲ್ಲ. ಕಲಿಯುವವರ ಕಾರನ್ನು ಕೂಡ ಬೇರೆ ದಾರಿಯಲ್ಲಿ ಓಡಿಸಿದರು. ಮೊದಮೊದಲು ಪಾಪ ಎನಿಸಿತು. ಆಮೇಲೆ ಗಮನಿಸಿದೆ, ಇವರ ಮುಖದಲ್ಲಿ ಏನೋ ಒಂದು ನಿರಾಳ. "ನಾನು ಹೇಳೋಕೆ ತಯಾರಿದ್ದೀನಿ ಕಣೇ, ಕಂಪನಿಯವರೇ ಹೇಳಬಾರದು ಅಂತಿದಾರೆ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಆಸ್ಪತ್ರೆಯಲ್ಲಿ ಸುರಿಸಿದ ಕಣ್ಣೀರು ದಾಕ್ಷಿಣ್ಯದ್ದು, ಒಳಗೆ ಈ ಮನುಷ್ಯ ಏನನ್ನೂ ಒಪ್ಪಿಕೊಂಡಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ನಡುವೆ ಓಡಾಡುವವಳು ನಾನು. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ತಮ್ಮನ ಮನೆಗೆ ಊಟದ ಡಬ್ಬಿ, ಸಂಜೆ ಖಾಲಿ ಡಬ್ಬಿಯ ಜೊತೆ ಅಲ್ಲಿಯ ಸುದ್ದಿ ಇಲ್ಲಿಗೆ.

"ಭಾವ ಯಾಕೆ ಬರ್ಲಿಲ್ಲ ಅಕ್ಕ?"

"ಅವರು ಬರೋ ಹಾಗಿಲ್ಲವಂತೆ. ವಿಮೆಯವರು ಹೇಳಿದಾರೆ."

"ಬಂದು ಸುಮ್ನೆ ಕೂತು ಹೋಗೋಕೂ ವಿಮೆಯವರನ್ನ ಕೇಳಬೇಕಾ?"

ಸಲೂನಿನ ಷಟರ್ ಅರ್ಧ ಇಳಿದಿತ್ತು. ತಮ್ಮ ದಿನಾ ಹೋಗಿ ತನ್ನ ಕುರ್ಚಿಯಲ್ಲಿ ತಾನೇ ಕೂತಿರುತ್ತಿದ್ದ. ಎಡಗೈಯಲ್ಲಿ ಕತ್ತರಿ ಆಡಿಸಿ ನೋಡಿ, ಕೆಳಗಿಡುತ್ತಿದ್ದ. ಖಾಯಂ ಗಿರಾಕಿಗಳು ಬಾಗಿಲಲ್ಲಿ ಇಣುಕಿ, "ಹುಷಾರಾಗಿ ಆಮೇಲೆ ನೋಡೋಣ" ಎಂದು ಹೇಳಿ ನೇರವಾಗಿ ಎದುರಿನ ಸಲೂನಿಗೆ ಹೋಗುತ್ತಿದ್ದರು. ಒಂದು ದಿನ ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದ. "ಭಾವನ ತಲೆ ಯಾರು ನೋಡ್ಕೊಳ್ತಿದಾರೆ?"

"ಯಾರೂ ಇಲ್ಲ. ಕಾಡು ಬೆಳೆದ ಹಾಗೆ ಬೆಳೆದಿದೆ" ಎಂದೆ. ಅದು ನಿಜವಾಗಿತ್ತು. ಕೂದಲು ಇವರ ಕಿವಿ ಮುಚ್ಚಿ ಕಾಲರಿಗೆ ಇಳಿದಿತ್ತು. ಬೇರೆ ಸಲೂನಿಗೆ ಹೋಗಿ ಎಂದರೆ ಗಂಟುಮುಖ ಹಾಕಿಕೊಳ್ಳುತ್ತಿದ್ದರು. ತಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ಪರಿಹಾರದ ಪತ್ರಕ್ಕೆ ಅವನು ಒಪ್ಪಲೇ ಇಲ್ಲ. "ಭಾವನಿಗೆ ನೋಟೀಸು ಕೊಡೋದಾ? ನಾಳೆ ಅವರಿಗೆ ಮುಖ ಹೇಗೆ ತೋರಿಸಲಿ?" ಅವನ ಹೆಂಡತಿ ಅತ್ತಳು, ನಾನು ರೇಗಿದೆ, ದಿನಗಳು ಉರುಳಿದವು. ಕೊನೆಗೆ ಬರೆಸಿದ. ಅವನು ಹೇಳಿದ, ಹೆಂಡತಿ ಬರೆದಳು. ಏಜೆಂಟ್ ಅದನ್ನು ನಮ್ಮ ಹಜಾರದಲ್ಲಿ ನಿಂತು ಜೋರಾಗಿ ಓದಿದ. "ಪೂಜ್ಯ ಭಾವನವರಿಗೆ ನಮಸ್ಕಾರಗಳು. ಈ ವಿಷಯದಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಆದರೂ ತಮ್ಮ ವಿಮೆಯವರು ದೊಡ್ಡ ಮನಸ್ಸು ಮಾಡಿ..." ಓದು ನಿಲ್ಲಿಸಿ ನನ್ನ ಮುಖ ನೋಡಿದ.

"ಅಕ್ಕಾ, ತಪ್ಪೇ ಇಲ್ಲ ಅಂತ ಇವರೇ ಬರೆದ್ರೆ ಕಂಪನಿ ಯಾಕೆ ಕೊಡುತ್ತೆ?"

"ಎಷ್ಟು ದೊಡ್ಡ ಮನಸ್ಸು ನೋಡು ಅವನದ್ದು" ಎಂದು ಇವರು ಸೋಫಾದಲ್ಲಿ ಕಣ್ಣೊರೆಸಿಕೊಂಡರು. ನನ್ನ ತಲೆ ಚಿಟ್ಟು ಹಿಡಿಯಿತು. ಕೈಗೆ ಸಿಕ್ಕ ದಿಂಬನ್ನು ಎಸೆದೆ, ಅದು ಹೋಗಿ ಏಜೆಂಟನ ಚೀಲಕ್ಕೆ ಬಿತ್ತು. ಅವನು ಅದನ್ನು ಎತ್ತಿ, ಧೂಳು ಕೊಡವಿ, ಮೆಲ್ಲಗೆ ಸೋಫಾದ ಮೇಲಿಟ್ಟ.

ಅಂತೂ ಕಂಪನಿಯವರು ಸ್ಥಳ ನೋಡಲು ಒಬ್ಬರನ್ನು ಕಳಿಸಿದರು. ಜೋರು ನೆಗಡಿ ಹಿಡಿದಿದ್ದ, ನಗುವುದನ್ನೇ ಮರೆತಂತಿದ್ದ ನಡುವಯಸ್ಸಿನ ಹೆಂಗಸು. ಎಲ್ಲರೂ ಜೆಟ್ಟಿಗೆ ಬನ್ನಿ, ದೋಣಿಯಲ್ಲಿ ಯಾರು ಎಲ್ಲಿದ್ದಿರೋ ಅಲ್ಲೇ ನಿಂತು ತೋರಿಸಿ ಎಂದರು. ಆಸ್ಪತ್ರೆಯ ನಂತರ ಭಾವ, ಬಾಮೈದ ಎದುರಾದದ್ದು ಅವತ್ತೇ ಮೊದಲು. ತಮ್ಮ ಇವರ ತಲೆಯನ್ನೇ ನೋಡಿದ. ಇವರು ಅವನ ಕೈಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದರು. ನಾನು ಎಂದಿನ ಹಿಂದಿನ ಸೀಟಿನಲ್ಲಿ ಕೂತೆ. ತಮ್ಮನ ಹೆಂಡತಿ ಏಜೆಂಟನ ಪಕ್ಕ ಜೆಟ್ಟಿಯ ಮೇಲೆ ನಿಂತಳು.

"ಊಟ ಆಯ್ತಾ ಅಂತ ಕೇಳು ಅವನನ್ನ" ಎಂದರು ಇವರು, ನನ್ನ ಕಡೆ ಬಗ್ಗಿ.

"ನೀವೇ ಕೇಳಿ. ಇಲ್ಲೇ ನಿಂತಿದಾನೆ."

"ನಾನು ಮಾತಾಡೋ ಹಾಗಿಲ್ವಲ್ಲೇ."

ವಿಚಾರಣೆಗೆ ಬಂದವರು ಮೂಗೊರೆಸಿಕೊಂಡು ಇವರನ್ನು ಕೇಳಿದರು. "ಹೇಳಿ, ಏನಾಯ್ತು?"

"ಮೇಡಂ, ತಪ್ಪು ಯಾರದ್ದು ಅಂತ ನಾನು ಹೇಳೋ ಹಾಗಿಲ್ಲ."

"ತಪ್ಪು ಯಾರದ್ದು ಅಂತ ನಾನು ಕೇಳಲಿಲ್ಲ. ಏನಾಯ್ತು ಅಂತ ಕೇಳ್ದೆ."

ಇವರು ನದಿಯ ಕಡೆ ನೋಡಿದರು. "ಅದು... ಇದ್ದಕ್ಕಿದ್ದ ಹಾಗೆ ಒಂದು ಅಲೆ ಬಂತು ಮೇಡಂ. ದೋಣಿ ಹಿಂದಕ್ಕೆ ಹೋಯ್ತು."

ಅಲೆ! ನಾನು ಕೂತಲ್ಲೇ ಸೆಟೆದು ಹೋದೆ. ಮನೆಯಲ್ಲಿ ಇಷ್ಟು ದಿನ ಅಲೆಯ ಸುದ್ದಿಯೇ ಇರಲಿಲ್ಲ. ಅವರು ಬರೆದುಕೊಂಡು ತಮ್ಮನ ಕಡೆ ತಿರುಗಿದರು. "ಹೌದಾ? ಅಲೆ ಬಂತಾ?"

ತಮ್ಮ ಒಂದು ಗಳಿಗೆ ಭಾವನ ಮುಖ ನೋಡಿದ. ಆಮೇಲೆ, ನಮ್ಮಮ್ಮ ಕಲಿಸಿದ ಒಳ್ಳೆಯತನವನ್ನೆಲ್ಲ ಒಟ್ಟು ಮಾಡಿಕೊಂಡು, "ಹೌದು ಮೇಡಂ. ದೊಡ್ಡ ಅಲೆ" ಎಂದ.

"ಅಲೆಯಿಂದ ಆಗಿದ್ರೆ ಯಾರ ಲೋಪಾನೂ ಅಲ್ಲ. ಹಾಗಾದ್ರೆ ಕಂಪನಿ ಕೊಡೋಕೆ ಬರಲ್ಲ. ಇಬ್ಬರದ್ದೂ ಅದೇ ಹೇಳಿಕೆ ಅಂತ ಬರ್ಕೊಳ್ಲಾ?"

ಜೆಟ್ಟಿಯ ಮೇಲೆ ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಮ್ಮನ ಎರಡು ಬೆರಳು ಪಟ್ಟಿಯೊಳಗೆ ನೆಟ್ಟಗೆ ನಿಂತಿದ್ದವು, ಯಾರಿಗೋ ದಾರಿ ತೋರಿಸುತ್ತಿರುವ ಹಾಗೆ. ಈ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಆ ಬೆರಳನ್ನು ನದಿಗೆ ಹಾಕುತ್ತಿದ್ದಾರೆ ಎನಿಸಿತು. ನನಗೆ ಸಹಿಸಲಾಗಲಿಲ್ಲ.

"ಅಲೆ ಇರ್ಲಿಲ್ಲ" ಎಂದೆ.

"ನೀನು ಸುಮ್ನಿರೇ."

"ಇಷ್ಟು ದಿನ ಸುಮ್ನಿದ್ದದ್ದೇ ಜಾಸ್ತಿ ಆಯ್ತು. ಮೇಡಂ, ಅವತ್ತು ನೀರು ಅಲುಗಾಡ್ತಾನೇ ಇರ್ಲಿಲ್ಲ. ನಾನು ಇಲ್ಲೇ, ಈ ಸೀಟಲ್ಲೇ ಕೂತಿದ್ದೆ. ಇವನು ಅಲ್ಲಿ ಹಗ್ಗ ಸುತ್ತುತಾ ಇದ್ದ. ಆ ತುದಿಯಿಂದ ಒಬ್ಬ ಗುರುಗಳೇ ಅಂತ ಕೂಗಿದ. ಇವರು ತಿರುಗಿ ಕೈ ಬೀಸಿದ್ರು. ಈ ಕೈ ಗೇರಿನ ಮೇಲಿತ್ತು. ಅದು ಹಿಂದಕ್ಕೆ ಬಂತು. ದೋಣಿ ಜಗ್ತು. ಇಷ್ಟೇ ಆಗಿದ್ದು. ತಪ್ಪು ಯಾರದ್ದು ಅಂತ ನೀವೂ ನಿಮ್ಮ ಕಂಪನಿಯವರೂ ಕೂತು ಯೋಚನೆ ಮಾಡಿ."

ಇವರು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳು ನಡುಬೀದಿಯಲ್ಲಿ ಕೈ ಬಿಟ್ಟಳು ಎನ್ನುವ ನೋಟ. ಆದರೆ ಆಡಿದ್ದರಲ್ಲಿ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಮೇಡಂ ಪೆನ್ನು ಹಿಡಿದು ತಮ್ಮನನ್ನು ಕೇಳಿದರು. "ಇವರು ಹೇಳೋದು ಸರೀನಾ?"

"ನನಗೆ... ಆ ಕಡೆ ಗಮನ ಇರ್ಲಿಲ್ಲ ಮೇಡಂ" ಎಂದ ತಮ್ಮ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸತ್ತೆ ಎಂದುಕೊಂಡೆ.

ಆಗ ಇವರು ಏನು ಮಾಡಿದರೆಂದರೆ, ನಡೆಸುವವರ ಸೀಟಿನಲ್ಲಿ ಹೋಗಿ ಕೂತರು. ಗೇರಿನ ಹಿಡಿಯ ಮೇಲೆ ಕೈಯಿಟ್ಟರು. ಜೆಟ್ಟಿಯ ಆ ತುದಿಯ ಕಡೆ ತಿರುಗಿ ಇನ್ನೊಂದು ಕೈಯನ್ನು ಮೇಲೆತ್ತಿದರು, ಮತ್ತೆ ಇಳಿಸಿದರು. ಹಾಗೆ ಎರಡು ಸಲ ಮಾಡಿದರು. ಎರಡನೆಯ ಸಲ ಹಿಡಿಯ ಮೇಲಿನ ಕೈ ತಾನಾಗಿಯೇ ಸ್ವಲ್ಪ ಹಿಂದಕ್ಕೆ ಸರಿಯಿತು. ಎಂಜಿನ್ ಆರಿತ್ತು, ದೋಣಿ ಅಲುಗಲಿಲ್ಲ. ಇವರು ಆ ಕೈಯನ್ನೇ ನೋಡುತ್ತ ಕೂತುಬಿಟ್ಟರು.

"ನನ್ನ ಹತ್ರ ಕಲಿಯೋಕೆ ಬಂದೋರು ಯಾರಾದ್ರೂ ಹಿಂದೆ ತಿರುಗಿ ಕೈ ಬೀಸ್ತಾ ಗೇರು ಹಾಕಿದ್ರೆ," ಎಂದರು ಕೊನೆಗೆ, "ನಾನು ಅಲ್ಲೇ ರಸ್ತೇಲಿ ಇಳಿಸಿ ಮನೆಗೆ ಕಳಿಸ್ತೀನಿ ಮೇಡಂ." ಗೇರಿನ ಹಿಡಿಯಿಂದ ಕೈ ತೆಗೆದು, "ಅಲೆ ಬಂದಿರ್ಲಿಲ್ಲ" ಎಂದರು.

ಮೇಡಂ ಬರೆದುಕೊಂಡರು. ಸೀನಿದರು. ಹಗ್ಗದ ಫೋಟೋ, ಕಂಬದ ಫೋಟೋ ತೆಗೆದುಕೊಂಡರು. ಹೊರಡುವಾಗ ಇವರು ಶಾಲೆಯ ಹುಡುಗನ ಹಾಗೆ ಎದ್ದು ನಿಂತು ಕೇಳಿದರು. "ಮೇಡಂ, ಈಗ ನಾನು ಅವನ ಹತ್ರ ಮಾತಾಡಬಹುದಾ?"

"ಮಾತಾಡಬೇಡಿ ಅಂತ ಯಾರು ಹೇಳಿದ್ರು? ಪರಿಹಾರ ನಾನು ಕೊಡ್ತೀನಿ, ತಪ್ಪು ನಂದು ಅಂತ ಒಪ್ಕೋಬೇಡಿ ಅಂತ ಅಷ್ಟೇ ಪಾಲಿಸಿಲಿರೋದು. ನೋಡೋಕೆ ಹೋಗಬೇಡಿ ಅಂತ ಎಲ್ಲೂ ಇಲ್ಲ."

ನಾನು ಏಜೆಂಟನ ಕಡೆ ತಿರುಗಿದೆ. ಅವನು ತನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಇಷ್ಟು ದಿನದ ಓಡಾಟ, ಇಷ್ಟು ಡಬ್ಬಿ, ಇಷ್ಟು ಕಣ್ಣೀರು. ಒಂದು ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಎದುರಿಗೆ ಹೆಂಗಸರಿದ್ದಾರೆಂದು ನುಂಗಿಕೊಂಡೆ.

ಭಾವ, ಬಾಮೈದ ಜೆಟ್ಟಿಯ ಮೇಲೆ ಎದುರುಬದುರು ನಿಂತರು. ಮೊದಲು ಮಾತಾಡಿದವನು ತಮ್ಮ.

"ನೀವು ತಿರುಗಿದ್ದನ್ನ ನಾನೂ ನೋಡಿದ್ದೆ ಭಾವ."

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀವು ಹೇಳ್ಲಿ ಅಂತ ಕಾಯ್ತಾ ಇದ್ದೆ."

ಕಂಪನಿ ಕೊಟ್ಟಿತು. ಬೇಗ ಅಲ್ಲ, ಆದರೆ ಕೊಟ್ಟಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಡುಬೆರಳು ಮಡಚುತ್ತದೆ. ತೋರುಬೆರಳು ಮಡಚುವುದಿಲ್ಲ, ಇನ್ನು ಮಡಚುವುದೂ ಇಲ್ಲ. ಕೈಯ ಡಾಕ್ಟರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇನ್ನೂ ಮುಂಚೆ ಬರಬೇಕಿತ್ತು. ಯಾಕೆ ತಡ ಮಾಡಿದ್ರಿ?" ಎಂದು ಕೇಳಿದರು. ಹಗ್ಗ ಜಗ್ಗಿದ್ದು ಒಂದು ಕ್ಷಣದ ಕೆಲಸ, ಅದನ್ನು ಯಾರಾದರೂ ಕ್ಷಮಿಸಬಹುದು. ಆಮೇಲಿನ ದಿನಗಳನ್ನೆಲ್ಲ ನಾವು ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಬಾರದೆಂದು ಕಳೆದುಬಿಟ್ಟೆವು. ಆ ಬೆರಳು ಹೋದದ್ದು ಅಲ್ಲಿ. ಇದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಮನೆಗೆ ಬಂದು ಅತ್ತೆ.

ಸಲೂನಿನ ಷಟರ್ ಪೂರ್ತಿ ಮೇಲೆ ಹೋದ ದಿನ ಇವರೇ ಮೊದಲ ಗಿರಾಕಿ. ನಾನೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತೆ. ತಮ್ಮ ಕತ್ತರಿ ಹಿಡಿಯುವುದನ್ನು ಹೊಸದಾಗಿ ಕಲಿತಿದ್ದಾನೆ. ತೋರುಬೆರಳು ಒಂದೇ ಸಮನೆ ಹೊರಗೆ ಚಾಚಿಕೊಂಡಿರುತ್ತದೆ, ಅದು ಗಿರಾಕಿಯ ಕಿವಿಗೆ ತಾಗದ ಹಾಗೆ ಮೊಣಕೈ ಎತ್ತಬೇಕು. ಮೊದಲು ಒಂದು ಹಾಡು ಗುನುಗುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಬೆಳಗು ಹಿಡಿಯಿತು. ಇವರು ಉಸಿರು ಬಿಗಿ ಹಿಡಿದು, ಕಣ್ಣು ಮುಂದಿಟ್ಟುಕೊಂಡು, ಕನ್ನಡಿಯನ್ನೇ ನೋಡುತ್ತ ಅಲುಗಾಡದೆ ಕೂತಿದ್ದರು.

ಕೊನೆಗೆ ತಮ್ಮ, ಇವರಿಗೆ ಹೊದಿಸಿದ್ದ ಬಟ್ಟೆ ಕೊಡವಿ, ಚಿಕ್ಕ ಕನ್ನಡಿಯನ್ನು ಇವರ ತಲೆಯ ಹಿಂದೆ ಹಿಡಿದ. "ಹೇಗಿದೆ ಭಾವ?"

ಎಡಗಡೆಯ ಕೂದಲು ಬಲಗಡೆಗಿಂತ ಉದ್ದ ಉಳಿದಿತ್ತು, ಕುರುಡರಿಗೂ ಗೊತ್ತಾಗುವಷ್ಟು. ಇವರ ಬಾಯಿ ಎಂದಿನ ಹಾಗೆ "ಚೆನ್ನಾ" ಎಂದು ತೆರೆದುಕೊಂಡಿತು. ಕನ್ನಡಿಯಲ್ಲಿ ನನ್ನ ಮುಖ ಕಂಡಿತೋ ಏನೋ, ಅಲ್ಲಿಗೇ ನಿಂತಿತು. ಇವರ ಕಣ್ಣು ತುಂಬಿಕೊಂಡವು. ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎಡಗಡೆ ಉದ್ದ ಉಳಿದಿದೆ ಕಣೋ" ಎಂದರು.

"ಹೌದು" ಎಂದ ತಮ್ಮ. ಮತ್ತೆ ಕತ್ತರಿ ಕೈಗೆತ್ತಿಕೊಂಡ.